ಆರ್ವೆಲ್‌ನನ್ನು ಆನೆಯ ಪ್ರಬಂಧದಿಂದ ಶುರು ಮಾಡೋಣ

ಅಕ್ಕಾ, ನೀವು ಗುಂಪಿನಲ್ಲಿ ಕೇಳಿದ್ದು ಹೀಗೆ: ಮಳೆಗಾಲದ ಓದಿಗೆ ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್‌ನ '1984', ಅಂದರೆ ಪ್ರಜೆಗಳ ಮೇಲೆ ಸದಾ ಕಣ್ಣಿಡುವ ಸರ್ಕಾರದ ಕಾದಂಬರಿ, ಆರಿಸಿಕೊಂಡೆವು, ಅರ್ಧ ಜನ ನಡುವೆಯೇ ಕೈಬಿಟ್ಟರು, ಮುಂದೇನು? ಅದರ ಕೆಳಗೆ ಸುಂಟಿಕೊಪ್ಪದ ಅಣ್ಣ ಇನ್ನೊಂದು ಮಾತು ಎತ್ತಿದರು. ಬ್ರಿಟಿಷರ ಪೊಲೀಸ್ ಆಗಿದ್ದವನು, ಸಾಯುವ ಮುಂಚೆ ಸರ್ಕಾರಕ್ಕೆ ಹೆಸರುಗಳ ಪಟ್ಟಿ ಕೊಟ್ಟವನು, ಅವನು ಸ್ವಾತಂತ್ರ್ಯದ ಬಗ್ಗೆ ಬರೆದರೆ ನಂಬುವುದು ಹೇಗೆ ಅಂತ. ಆಮೇಲೆ ಬಂದ ಉತ್ತರಗಳಲ್ಲಿ ಕೆಲವರು ಅವನನ್ನು ಋಷಿ ಮಾಡಿದರು, ಕೆಲವರು ದ್ರೋಹಿ ಮಾಡಿದರು. ನಾನು ಹೇಳುವುದಿಷ್ಟು. '1984' ಸದ್ಯಕ್ಕೆ ಪಕ್ಕಕ್ಕಿಡಿ. 1936ರಲ್ಲಿ ಅಚ್ಚಾದ 'ಶೂಟಿಂಗ್ ಆ್ಯನ್ ಎಲಿಫೆಂಟ್' ಎಂಬ ಪ್ರಬಂಧ ಓದಿ. ಚಿಕ್ಕದು, ಒಂದೇ ಕೂರಿಕೆಯಲ್ಲಿ ಮುಗಿಯುತ್ತದೆ.

ಬರ್ಮಾದ ಮೌಲ್ಮೇನ್ ಊರು. ಮದವೇರಿದ ಸಾಕಾನೆಯೊಂದು ಸರಪಳಿ ಹರಿದುಕೊಂಡು ಬಜಾರಿಗೆ ನುಗ್ಗಿದೆ. ಮಾವುತ ಹುಡುಕಿಕೊಂಡು ಹೋಗಿರುವುದು ಬೇರೆ ದಿಕ್ಕಿಗೆ. ಆನೆ ಒಬ್ಬ ಕೂಲಿಯನ್ನು ತುಳಿದು ಕೊಂದಿದೆ. ಸತ್ತವನು ದಕ್ಷಿಣ ಭಾರತದಿಂದ ಹೊಟ್ಟೆಪಾಡಿಗೆ ಹೋದವನು, ಪ್ರಬಂಧ ಅವನನ್ನು 'ದ್ರಾವಿಡ ಕೂಲಿ' ಎನ್ನುತ್ತದೆ. ಕಥೆ ಹೇಳುತ್ತಿರುವ ಬ್ರಿಟಿಷ್ ಪೊಲೀಸ್ ಅಧಿಕಾರಿ ಕೋವಿ ತರಿಸಿಕೊಂಡು ಹೋಗಿ ನೋಡಿದರೆ ಆನೆ ಗದ್ದೆಯಲ್ಲಿ ಶಾಂತವಾಗಿ ಹುಲ್ಲು ತಿನ್ನುತ್ತಿದೆ, ಮದ ಇಳಿಯುತ್ತಿದೆ. ಕೊಲ್ಲುವ ಅಗತ್ಯವಿಲ್ಲವೆಂದು ಅವನಿಗೆ ಗೊತ್ತು. ಆದರೆ ಬೆನ್ನ ಹಿಂದೆ ಎರಡು ಸಾವಿರ ಜನ ಕಾದು ನಿಂತಿದ್ದಾರೆ. ಅವರ ಮುಂದೆ ನಗೆಪಾಟಲಾಗಬಾರದು ಎಂಬ ಒಂದೇ ಕಾರಣಕ್ಕೆ ಗುಂಡು ಹಾರಿಸುತ್ತಾನೆ. ಆನೆ ಬೇಗ ಸಾಯುವುದಿಲ್ಲ. ಅರ್ಧ ಗಂಟೆ ಹಿಡಿಯಿತೆಂದು ಆಮೇಲೆ ಅವನಿಗೆ ತಿಳಿಯುತ್ತದೆ.

ಕೊಡಗಿನ ಸಿದ್ದಾಪುರ, ತಿತಿಮತಿ ಕಡೆಯ ನಮಗೆ ಈ ದೃಶ್ಯ ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ತೋಟದ ಕೆಲಸಕ್ಕೆ ಹೊರಟವರು ಆನೆಗೆ ಸಿಕ್ಕಿದ ದಿನ ರಸ್ತೆಯಲ್ಲಿ ಜನ ಸೇರುವುದು, ಅರಣ್ಯ ಇಲಾಖೆಯವರನ್ನು ಸುತ್ತುವರಿಯುವುದು, ಈಗಲೇ ಹಿಡಿಯಿರಿ ಎಂದು ಕೂಗುವುದು, ಎಲ್ಲ ಕಂಡಿದ್ದೇವೆ. ಆ ಸಿಟ್ಟು ನ್ಯಾಯದ್ದೇ. ತೋಟದ ಲೈನ್‌ಮನೆಗಳಲ್ಲಿರುವ ಕೂಲಿಯವರ ಜೀವಕ್ಕೆ ಬೆಲೆ ಎಷ್ಟು ಎಂಬ ಪ್ರಶ್ನೆಯೂ ಅಲ್ಲಿದೆ. ಪ್ರಬಂಧದ ಕೊನೆಯಲ್ಲಿ ಕೆಲವು ಬಿಳಿಯರು, ಒಬ್ಬ ಕೂಲಿಗಿಂತ ಆನೆಯೇ ಹೆಚ್ಚು ಬೆಲೆಬಾಳುತ್ತದೆ ಎನ್ನುತ್ತಾರೆ. ನಮ್ಮ ಚರ್ಚೆಯಲ್ಲಿ ಈ ಭಾಗದ ಮೇಲೆ ಹೆಚ್ಚು ಹೊತ್ತು ನಿಲ್ಲಬೇಕು ಎಂಬುದು ನನ್ನ ಆಸೆ. ಘಟನೆ ನಿಜಕ್ಕೂ ಹೀಗೇ ನಡೆಯಿತೇ ಎಂಬುದರಲ್ಲಿ ಜೀವನಚರಿತ್ರೆ ಬರೆದವರಿಗೇ ಒಮ್ಮತವಿಲ್ಲ, ಅದನ್ನೂ ಮೊದಲೇ ಹೇಳಿಬಿಡಿ.

ಇದನ್ನು ಓದಿದ ಮೇಲೆ ಅಣ್ಣನ ಪ್ರಶ್ನೆಗೆ ಬನ್ನಿ. ಎರಿಕ್ ಬ್ಲೇರ್ ಅವನ ನಿಜ ಹೆಸರು. ಹುಟ್ಟಿದ್ದು 1903ರಲ್ಲಿ, ಬಿಹಾರದ ಮೋತಿಹಾರಿಯಲ್ಲಿ. ಅಪ್ಪ ಸರ್ಕಾರದ ಅಫೀಮು ಇಲಾಖೆಯ ನೌಕರ. ಮಗ 1922ರಿಂದ 1927ರವರೆಗೆ ಬರ್ಮಾದಲ್ಲಿ ಪೊಲೀಸ್. ಹೌದು, ದಬ್ಬಾಳಿಕೆಯ ಸಂಬಳ ತಿಂದವನೇ. ಅದನ್ನು ಅವನು ಎಲ್ಲೂ ಮುಚ್ಚಿಟ್ಟಿಲ್ಲ. 1931ರ 'ಎ ಹ್ಯಾಂಗಿಂಗ್' ಪ್ರಬಂಧದಲ್ಲಿ ಗಲ್ಲಿಗೆ ನಡೆಯುತ್ತಿರುವ ಕೈದಿ ದಾರಿಯಲ್ಲಿನ ನೀರಿನ ಗುಂಡಿ ತಪ್ಪಿಸಲು ಪಕ್ಕಕ್ಕೆ ಹೆಜ್ಜೆ ಇಡುತ್ತಾನೆ. ಆರೋಗ್ಯವಂತನೊಬ್ಬನ ಜೀವ ತೆಗೆಯುವುದೆಂದರೆ ಏನೆಂದು ನೋಡುತ್ತಿರುವವನಿಗೆ ಹೊಳೆಯುವುದು ಆ ಒಂದು ಹೆಜ್ಜೆಯಲ್ಲಿ. ಕೊಲ್ಲುವ ಕಡೆ ನಿಂತಿದ್ದವನಿಗೇ ಹಾಗೆ ಬರೆಯಲು ಸಾಧ್ಯವಾಯಿತು ಎಂದು ನಾನು ನಂಬುತ್ತೇನೆ.

ಪಟ್ಟಿಯ ವಿಷಯ ಬೇರೆ. 1949ರಲ್ಲಿ ಕ್ಷಯದಿಂದ ಆಸ್ಪತ್ರೆಯಲ್ಲಿದ್ದಾಗ ಬ್ರಿಟಿಷ್ ವಿದೇಶಾಂಗ ಇಲಾಖೆಯ ಪ್ರಚಾರ ವಿಭಾಗಕ್ಕೆ 38 ಹೆಸರು ಕೊಟ್ಟ. ಇವರು ಕಮ್ಯುನಿಸ್ಟರ ಕಡೆ ವಾಲಿದವರು, ಇವರಿಂದ ಬರೆಸಬೇಡಿ ಎಂಬುದು ಅದರ ಉದ್ದೇಶ. ಯಾರನ್ನೂ ಜೈಲಿಗೆ ಹಾಕಿಸಲು ಕೊಟ್ಟದ್ದಲ್ಲ. ಹಾಗಿದ್ದರೂ ಬರೆಯುವವರ ಬಗ್ಗೆ ಸರ್ಕಾರಕ್ಕೆ ಗುಟ್ಟಾಗಿ ಹೇಳಿದ್ದು ತಪ್ಪೇ. ಅದೇ ವರ್ಷ ಜೂನ್ 8ಕ್ಕೆ '1984' ಹೊರಬಂತು. ಎರಡನ್ನೂ ಒಟ್ಟಿಗೇ ಮೇಜಿನ ಮೇಲಿಡಿ, ಯಾವುದನ್ನೂ ಮರೆಮಾಡಬೇಡಿ. ಪುಸ್ತಕ ಅದರಿಂದ ಸಣ್ಣದಾಗುವುದಿಲ್ಲ.

ಇನ್ನು '1984'. ಜನ ನಿಂತುಹೋಗುವ ಜಾಗ ನನಗೆ ಗೊತ್ತು: ಕಥಾನಾಯಕ ವಿನ್‌ಸ್ಟನ್ ಕೂತು, ಆಳುವ ಪಕ್ಷ ತನ್ನ ಶತ್ರು ಎನ್ನುವ ಗೋಲ್ಡ್‌ಸ್ಟೈನ್‌ನ ಪುಸ್ತಕ ಓದುವ ಉದ್ದದ ಅಧ್ಯಾಯ. ಅಮೆರಿಕದ ಪುಸ್ತಕ ಕ್ಲಬ್ಬೊಂದು ಅದನ್ನೂ ಕೊನೆಯ ಅನುಬಂಧವನ್ನೂ ತೆಗೆಯಲು ಕೇಳಿತ್ತು, ಆರ್ವೆಲ್ ಒಪ್ಪಲಿಲ್ಲ. ಮೊದಲ ಓದಿನಲ್ಲಿ ಅದನ್ನು ದಾಟಿ ಹೋಗಿ, ಕಥೆ ಮುಗಿಸಿ ಹಿಂದಕ್ಕೆ ಬನ್ನಿ. ಹೀಗೆ ಓದಿದವರು ಯಾರೂ ಪುಸ್ತಕ ಬಿಟ್ಟದ್ದನ್ನು ನಾನು ಕಂಡಿಲ್ಲ. ಸಿಸಿಟಿವಿ, ಮೊಬೈಲು ಎಲ್ಲ ಅವನು ಮೊದಲೇ ಹೇಳಿದ್ದ ಎಂಬ ಮಾತಿಗೆ ಹೆಚ್ಚು ಸಮಯ ಕೊಡಬೇಡಿ. ವಿನ್‌ಸ್ಟನ್‌ನ ಕೆಲಸ ನೋಡಿ: ಹಳೆಯ ಪತ್ರಿಕೆಗಳನ್ನು ಇಂದಿನ ಆಳ್ವಿಕೆಗೆ ಒಪ್ಪುವಂತೆ ತಿದ್ದುವುದು. 1941ರಿಂದ 43ರವರೆಗೆ ಆರ್ವೆಲ್ ಬಿಬಿಸಿಯಲ್ಲಿ ಭಾರತಕ್ಕೆ ಯುದ್ಧಕಾಲದ ಪ್ರಸಾರ ಮಾಡುತ್ತಿದ್ದ, ಸೆನ್ಸಾರ್ ಹೇಗಿರುತ್ತದೆ ಎಂದು ಒಳಗಿನಿಂದ ಬಲ್ಲ. 1834ರಲ್ಲಿ ಚಿಕವೀರರಾಜೇಂದ್ರನನ್ನು ಇಳಿಸಿ ಈಸ್ಟ್ ಇಂಡಿಯಾ ಕಂಪನಿ ಕೊಡಗನ್ನು ತೆಗೆದುಕೊಂಡ ಕಥೆಯನ್ನು ನಾವು ಯಾರ ದಾಖಲೆಯಿಂದ ಕಲಿತೆವು ಎಂದು ಅಲ್ಲಿ ಕೇಳಿದರೆ ಹಿರಿಯರೂ ಮಾತಿಗೆ ಬರುತ್ತಾರೆ.

ಹೈಸ್ಕೂಲು ಮಕ್ಕಳಿದ್ದರೆ 'ಅನಿಮಲ್ ಫಾರ್ಮ್' ಸಾಕು. 1945ರದ್ದು, ತೆಳುವಾದ ಪುಸ್ತಕ.

ಖರ್ಚಿನ ಚಿಂತೆ ಬೇಡ. ಆರ್ವೆಲ್ ತೀರಿಕೊಂಡದ್ದು 1950ರ ಜನವರಿಯಲ್ಲಿ, 46ನೇ ವಯಸ್ಸಿಗೆ. ನಮ್ಮ ದೇಶದ ಕಾನೂನಿನಲ್ಲಿ ಲೇಖಕ ಸತ್ತು 60 ವರ್ಷಕ್ಕೆ ಹಕ್ಕು ಮುಗಿಯುತ್ತದೆ, ಹಾಗಾಗಿ ಅವನು ಬದುಕಿದ್ದಾಗ ಅಚ್ಚಾದ ಮೂಲ ಇಂಗ್ಲಿಷ್ ಬರಹಗಳನ್ನು 2011ರಿಂದ ಯಾರು ಬೇಕಾದರೂ ಜೆರಾಕ್ಸ್ ಮಾಡಿ ಹಂಚಬಹುದು. ಅನುವಾದಗಳಿಗೆ ಮಾತ್ರ ಇದು ಅನ್ವಯಿಸದು. ಇಂಗ್ಲಿಷ್ ಕಷ್ಟ ಎನ್ನುವವರಿಗೆ ಆನೆಯ ಪ್ರಬಂಧವನ್ನು ನಾನೇ ಕನ್ನಡದಲ್ಲಿ ಬಿಡಿಸಿ ಹೇಳುತ್ತೇನೆ. ಮುಂದಿನ ಸಭೆ ವಿರಾಜಪೇಟೆಯಲ್ಲಾದರೆ ಎಷ್ಟು ಪ್ರತಿ ಬೇಕೆಂದು ಇಲ್ಲೇ ತಿಳಿಸಿ, ಮಾಡಿಸಿಕೊಂಡು ಬರುತ್ತೇನೆ.