ಲೆಟರಿನಲ್ಲಿ ‘ಮೆರ್ಸಿನ್ 10’ ಇದೆಯಾ, ಮೊದಲು ನೋಡು

ತಂಗಿ, ಸೈಪ್ರಸ್‌ಗೆ ಓದೋಕೆ ಹೊರಟ ನೀನು ಕೇಳಿದ್ದು ಮೂರು: ಕೊಡಗಿನ ಪೊನ್ನಂಪೇಟೆಯ ಮಳೆಯಲ್ಲಿ ಬೆಳೆದವಳಿಗೆ ಇಲ್ಲಿನ ಬಿಸಿಲು ತಡೆಯುತ್ತಾ, ಊಟ ಹೇಗೆ, ಗ್ರೀಕರ ದಕ್ಷಿಣ, ತುರ್ಕಿಯವರ ಉತ್ತರ ಅಂತ ಎರಡಾಗಿರುವ ರಾಜಧಾನಿ ನಿಕೋಸಿಯಾದಲ್ಲಿ ಆಚೆ ಈಚೆ ಓಡಾಡಬಹುದಾ. ಬಿಸಿಲು ಜುಲೈಯಲ್ಲಿ 40 ಡಿಗ್ರಿ ಮುಟ್ಟುತ್ತೆ, ಅಭ್ಯಾಸ ಆಗುತ್ತೆ. ಹಂದಿ ಮಾಂಸ ದಕ್ಷಿಣದಲ್ಲಿ ಧಾರಾಳ. ಮೂರನೆಯದನ್ನು ಮಾತ್ರ ಬಿಡಿಸಿ ಹೇಳಬೇಕು.

ಏಜೆಂಟ್ ಇಸ್ತಾಂಬುಲ್ ಮೇಲೆ ಟಿಕೆಟ್ ಮಾಡಿಸ್ತಾನೆ ಅಂದೆಯಲ್ಲ, ನನಗೆ ಅಲ್ಲೇ ಅನುಮಾನ. ಕಾಲೇಜಿನ ಲೆಟರ್ ತೆಗೆದು ವಿಳಾಸ ಓದು. ಕೊನೆಗೆ ‘ಮೆರ್ಸಿನ್ 10, ಟರ್ಕಿ’ ಅಂತಿದ್ದರೆ ಅದು ಉತ್ತರದ ಕಾಲೇಜು. 1983ರಲ್ಲಿ ತಾನೇ ಬೇರೆ ದೇಶ ಅಂತ ಘೋಷಿಸಿಕೊಂಡ ಆ ಭಾಗವನ್ನು ಟರ್ಕಿ ಬಿಟ್ಟು ಯಾರೂ ಒಪ್ಪಿಲ್ಲ. ಟಪಾಲು ಕೂಡ ಟರ್ಕಿಯ ಮೆರ್ಸಿನ್ ಊರನ್ನು ಸುತ್ತಿ ಬರುತ್ತೆ. ಇಸ್ತಾಂಬುಲ್ ಮೇಲೆ ಅಲ್ಲಿಗೆ ಹೋಗುವ ವಿಮಾನ ಇಳಿಯೋದು ಉತ್ತರದ ಎರ್ಜಾನ್ ನಿಲ್ದಾಣದಲ್ಲಿ. ದಕ್ಷಿಣದ ಸರ್ಕಾರದ ಲೆಕ್ಕದಲ್ಲಿ ಅದು ಅಕ್ರಮ ಪ್ರವೇಶ, ಹಾಗೆ ಬಂದ ನಮ್ಮ ಪಾಸ್‌ಪೋರ್ಟಿನವರಿಗೆ ಉತ್ತರ ದಕ್ಷಿಣದ ನಡುವಿನ ಗೆರೆ ದಾಟೋದು ಕಷ್ಟ. ನಮ್ಮ ಹೈಕಮಿಷನ್ ಇರೋದು ದಕ್ಷಿಣದಲ್ಲಿ. ಪಾಸ್‌ಪೋರ್ಟ್ ಕಳೆದರೆ ಏನು ಗತಿ, ನೀನೇ ಯೋಚಿಸು.

ದಕ್ಷಿಣದ ಲಾರ್ನಕ ಅಥವಾ ಪಾಫೋಸ್‌ನಲ್ಲಿ ಇಳಿದು ಸರಿಯಾದ ಪರ್ಮಿಟ್ ಇದ್ದರೆ ನಿಕೋಸಿಯಾದ ಲೀಡ್ರಾ ಬೀದಿಯಲ್ಲಿ ನಡೆದೇ ದಾಟಬಹುದು. 2008ರ ಏಪ್ರಿಲ್‌ನಲ್ಲಿ ತೆರೆದ ಗೇಟು ಅದು. ಪಾಸ್‌ಪೋರ್ಟ್, ನಿವಾಸದ ಕಾರ್ಡು ಎರಡೂ ಜೊತೆಗಿರಲಿ. ನಿನ್ನ ಪರ್ಮಿಟ್‌ನಲ್ಲಿ ವಾಪಸ್ ಬರೋಕೆ ಅವಕಾಶ ಇದೆಯಾ ಅಂತ ವಲಸೆ ಕಚೇರಿಯಲ್ಲಿ ಮೊದಲೇ ಕೇಳು. ಆಚೆ ನಡೆಯೋದು ಟರ್ಕಿಯ ಹಣ, ಲೀರಾ. ಮೊಬೈಲ್ ಡೇಟಾ ಆರಿಸು, ಟರ್ಕಿಯ ಟವರ್ ಹಿಡಿದು ಬಿಲ್ ಏರುತ್ತೆ. ಕಾರಿದ್ದರೆ ಗೇಟಿನಲ್ಲೇ ಬೇರೆ ವಿಮೆ ಕೊಳ್ಳಬೇಕು. ಉತ್ತರದ ಅಗ್ಗದ ಫ್ಲ್ಯಾಟ್‌ಗೆ ಆಸೆ ಬೀಳಬೇಡ. ಎಷ್ಟೋ ಕಡೆ ಅದು 1974ರಲ್ಲಿ ಟರ್ಕಿಯ ಸೇನೆ ಬಂದಾಗ ದಕ್ಷಿಣಕ್ಕೆ ಓಡಿಹೋದ ಗ್ರೀಕರ ಜಾಗ, ಹಳೇ ಪಟ್ಟೆ ಅವರ ಹೆಸರಲ್ಲೇ ಇದೆ. ನಮ್ಮ ಜಮ್ಮಾ ಜಾಗದ, ಅಂದರೆ ವಂಶದ ಆಸ್ತಿಯ ಜಗಳ ನೋಡಿ ಬೆಳೆದ ನಿನಗೆ ಇಷ್ಟು ಸಾಕು.

ಇನ್ನು ಎರಡು ಕಡೆಯವರ ರಾಜಿ ಯಾವಾಗ ಅಂತ ನೀನು ಕೇಳಬಹುದು. 1963ರ ಡಿಸೆಂಬರ್‌ನಲ್ಲಿ ಎರಡೂ ಜನರ ಗಲಭೆ ತಡೆಯೋಕೆ ಬ್ರಿಟಿಷ್ ಸೇನಾಧಿಕಾರಿಯೊಬ್ಬ ನಿಕೋಸಿಯಾದ ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಲ್ಲಿ ಎಳೆದ ಗೆರೆ, 1974ರ ನಂತರ ದ್ವೀಪದ ಉದ್ದಕ್ಕೂ ಬೆಳೆದು, ಇವತ್ತು ಸುಮಾರು 180 ಕಿಲೋಮೀಟರ್ ಉದ್ದದ ವಿಶ್ವಸಂಸ್ಥೆ ವಲಯ. ದ್ವೀಪವನ್ನು ಒಂದು ಮಾಡೋಕೆ ನಡೆದ 2004ರ ಜನಮತದಲ್ಲಿ ತುರ್ಕಿ ಸೈಪ್ರಿಯಟರಲ್ಲಿ ಶೇಕಡಾ 65 ಒಪ್ಪಿದರು, ಗ್ರೀಕರಲ್ಲಿ ಶೇಕಡಾ 76 ಬೇಡ ಅಂದರು. 2017ರಲ್ಲಿ ಸ್ವಿಟ್ಜರ್ಲೆಂಡಿನ ಮಾತುಕತೆಯೂ ಮುರಿಯಿತು. ಆದರೆ ನಿಕೋಸಿಯಾದ ಚರಂಡಿ ಮುರಿಯಲಿಲ್ಲ. ನೀರು ಇಳಿಜಾರಿಗೆ, ಅಂದರೆ ಉತ್ತರಕ್ಕೆ ಹರಿಯುತ್ತೆ, ಶುದ್ಧೀಕರಣ ಘಟಕವೂ ಅಲ್ಲೇ. ಹಾಗಾಗಿ ಎಷ್ಟೋ ವರ್ಷ ಹಿಂದೆಯೇ ಎರಡೂ ಕಡೆಯ ಆಗಿನ ಮೇಯರುಗಳು, ದಕ್ಷಿಣದ ಡಿಮಿಟ್ರಿಯಾಡಿಸ್ ಮತ್ತು ಉತ್ತರದ ಅಕಿಂಜಿ, ಯಾರದು ಯಾವ ದೇಶ ಅಂತ ಚರ್ಚಿಸದೆ ಪೈಪು ಜೋಡಿಸಿದರು.

1963-64 ಮತ್ತು 1974ರ ಗಲಾಟೆಗಳಲ್ಲಿ ಕಾಣೆಯಾದವರನ್ನು ಹುಡುಕುವ ಸಮಿತಿಯೂ ಹಾಗೇ. 1981ರದು: ಒಬ್ಬ ಗ್ರೀಕ್, ಒಬ್ಬ ತುರ್ಕಿ ಸೈಪ್ರಿಯಟ್, ಮೂರನೆಯವರು ವಿಶ್ವಸಂಸ್ಥೆ ನೇಮಿಸಿದವರು. ಪಟ್ಟಿಯಲ್ಲಿ 2002 ಹೆಸರು, 1510 ಗ್ರೀಕರದು, 492 ತುರ್ಕಿಯವರದು. ಮೂಳೆ ಅಗೆದು, ಡಿಎನ್ಎ ಹೊಂದಿಸಿ, ಮನೆಯವರಿಗೆ ಕೊಡುತ್ತಾರೆ. ಹೇಗೆ ಸತ್ತರು, ಯಾರು ಕೊಂದರು ಅಂತ ಬರೆಯುವುದಿಲ್ಲ. ಬರೆಯುವುದಾಗಿದ್ದರೆ ಗುಂಡಿ ಎಲ್ಲಿದೆ ಅಂತ ಯಾರು ಬಾಯಿ ಬಿಡುತ್ತಿದ್ದರು? ಸಾವಿರಕ್ಕೂ ಹೆಚ್ಚು ಜನ ಹೀಗೆ ಮನೆ ಸೇರಿದ್ದಾರೆ. ಕಾರಣರಿಗೆ, ಅಂದರೆ ತೀರಿಕೊಂಡ ಹಿರಿಯರಿಗೆ, ಮೀದಿ (ಎಡೆ) ಇಡುವ ನಮಗೆ ಇದರ ತೂಕ ಹೇಳಿಕೊಡಬೇಕಾಗಿಲ್ಲ. ನ್ಯಾಯ ಮಾತ್ರ ಆಗಲಿಲ್ಲ, ಆ ಮಾತೂ ನಿಜ.

ಬಾಡಿಗೆ ಮನೆಯ ಅಜ್ಜಿ ಉತ್ತರದಲ್ಲಿ ಬಿಟ್ಟುಬಂದ ಮನೆಯ ಹಳೇ ಕೀ ತೋರಿಸಿದರೆ, ‘ಹಳೇದೆಲ್ಲ ಬಿಡಿ ಅಜ್ಜಿ’ ಅನ್ನಬೇಡ. ನಾನು ಅಂದಿದ್ದೆ, ಇಂದಿಗೂ ನಾಲಿಗೆ ಕಚ್ಚಿಕೊಳ್ತೀನಿ. ಸುಮ್ಮನೆ ಕಾಫಿ ಕುಡಿ. ಅದನ್ನು ‘ಟರ್ಕಿಶ್ ಕಾಫಿ’ ಅಂತಲೂ ದಕ್ಷಿಣದಲ್ಲಿ ಕರೆಯಬೇಡ.

ಲಾರ್ನಕದಲ್ಲಿ ಜನರಲ್ ತಿಮ್ಮಯ್ಯನವರ ಹೆಸರಿನ ರಸ್ತೆ ಇದೆ. ಬಂದಿಳಿದ ವಾರ ಆ ಬೋರ್ಡು ಓದಿ ನಾನು ಅಲ್ಲೇ ನಿಂತುಬಿಟ್ಟಿದ್ದೆ. ಮಡಿಕೇರಿಯವರು, ಇಲ್ಲಿನ ವಿಶ್ವಸಂಸ್ಥೆ ಶಾಂತಿಪಡೆಯ ದಂಡನಾಯಕರಾಗಿ 1964ರಲ್ಲಿ ಬಂದು, 1965ರ ಡಿಸೆಂಬರ್ 18ರಂದು ಇಲ್ಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ಅಂಚೆಚೀಟಿ ತಂದಿತು. ಕೊಡಗು ಅಂದರೆ ಇಲ್ಲಿ ಯಾರಿಗೂ ಗೊತ್ತಿಲ್ಲ, ತಿಮ್ಮಯ್ಯ ಅಂದರೆ ಹಳಬರು ಕುರ್ಚಿ ಎಳೆದು ಕೂರಿಸ್ತಾರೆ.

ಬರುವಾಗ ನಮ್ಮ ಕಪ್ಪು ಹುಳಿ, ಕಾಚಂಪುಳಿ, ಒಂದು ಬಾಟಲಿ ತಾ. ಇಲ್ಲಿನ ನಿಂಬೆಹುಳಿಗೆ ಪಂದಿ ಕರಿ ಕಪ್ಪಾಗಲ್ಲ. ಕೈಚೀಲದಲ್ಲಿ 100 ಮಿಲಿ ಮೀರಿದರೆ ಬಿಡಲ್ಲ, ದೊಡ್ಡ ಬ್ಯಾಗಿನಲ್ಲಿ ಬಟ್ಟೆ ಸುತ್ತಿ ಇಡು.