ಫೋಟೊ ಇದೆ, ಟಪಾಲು ನಂಬರ್ ಎಲ್ಲಿ?

ಹಾಸನ, ಚಿಕ್ಕಮಗಳೂರು ಸೀಮೆಯಲ್ಲಿ ದನದ ಡಾಕ್ಟರಾಗಿದ್ದು ನಿವೃತ್ತನಾದವನು ನಾನು. ಹಸು ಗಬ್ಬ ನಿಲ್ಲುತ್ತಿಲ್ಲ, ಕೆಚ್ಚಲು ಬಾವು ಬಂದಿದೆ ಅಂತ ಕೇಳಿದರೆ ಖುಷಿಯಿಂದ ಉತ್ತರಿಸುತ್ತೇನೆ. ಈಚೆಗೆ ಬರುವ ಪ್ರಶ್ನೆಗಳೆಲ್ಲ ಹಾಲು ಉತ್ಪಾದಕರ ಸಂಘದ್ದು. ಒಂದೇ ಪ್ರಶ್ನೆ ಊರಿನ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದೆ. ಒಂದು ಸಲ ಬರೆದು ಮುಗಿಸುತ್ತೇನೆ. ಡೇರಿ ಅಂದರೇನು, ಒಕ್ಕೂಟ ಅಂದರೇನು ಎಂಬುದನ್ನು ದಿನಾ ಎರಡು ಹೊತ್ತು ಹಾಲು ಹಾಕುವವರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಪ್ರಶ್ನೆ: ಎರಡು ವರ್ಷದಲ್ಲಿ ನಮ್ಮ ಹಾಲು ಉತ್ಪಾದಕರ ಸಂಘದಿಂದ ಆರು ಸಲ ಮನವಿ ಕೊಟ್ಟಿದ್ದೇವೆ. ಶಾಸಕರಿಗೆ, ಉಸ್ತುವಾರಿ ಸಚಿವರಿಗೆ, ಜಿಲ್ಲಾಧಿಕಾರಿಗೆ. ಒಂದಕ್ಕೂ ಉತ್ತರವಿಲ್ಲ. ಸರ್ಕಾರಕ್ಕೆ ದನ ಕಟ್ಟಿದವರು ಬೇಡವೇ?
(ಸಂಘದ ಅಧ್ಯಕ್ಷರು, ಅರಸೀಕೆರೆ ತಾಲ್ಲೂಕು)

ಅಧ್ಯಕ್ಷರೇ, ನೀವು ಕಳಿಸಿದ ನಕಲು ಓದಿದೆ. ಹತ್ತೊಂಬತ್ತು ಬೇಡಿಕೆ. ಮೊದಲನೆಯದು ಹಾಲಿನ ದರ. ನಾಲ್ಕನೆಯದು ಪಶು ಆಸ್ಪತ್ರೆಗೆ ಡಾಕ್ಟರು. ಒಂಬತ್ತನೆಯದು ಗೋಮಾಳ ಒತ್ತುವರಿ. ಹದಿಮೂರನೆಯದು ಬಸ್ ನಿಲ್ದಾಣಕ್ಕೆ ಶೀಟು. ಕೊನೆಯದು ಸ್ಮಶಾನದ ದಾರಿ. ಸಂಘದ ನೋಂದಣಿ ಸಂಖ್ಯೆ ಎಲ್ಲೂ ಇಲ್ಲ, ತಾರೀಖಿನ ಜಾಗ ಖಾಲಿ. ಫೋಟೊ ಮಾತ್ರ ಚೆನ್ನಾಗಿ ಬಂದಿದೆ: ಸಚಿವರ ಕೊರಳಲ್ಲಿ ಏಲಕ್ಕಿ ಹಾರ, ಕೈಯಲ್ಲಿ ಮನವಿ, ಹಿಂದೆ ಹದಿನಾಲ್ಕು ಜನ.

ಆ ಕಾಗದ ಆಮೇಲೆ ಯಾವುದೋ ಗುಮಾಸ್ತರ ಮೇಜಿಗೆ ಬಂತು ಅಂದುಕೊಳ್ಳಿ. ಐದು ಇಲಾಖೆಗೆ ಸೇರಿದ ಬೇಡಿಕೆ ಒಂದೇ ಹಾಳೆಯಲ್ಲಿದ್ದರೆ ಅವರು ಯಾರಿಗೆ ಕಳಿಸಬೇಕು? ‘ಪರಿಶೀಲಿಸಿ’ ಅಂತ ಬರೆದು ಫೈಲಿಗೆ ಸೇರಿಸುತ್ತಾರೆ. ತಾಲ್ಲೂಕಿನಲ್ಲಿ ಕೂತಿದ್ದಾಗ ನಾನೂ ಇದನ್ನೇ ಮಾಡಿದ್ದೇನೆ. ಒಂದು ಮನವಿಯಲ್ಲಿ ಬೀದಿ ದೀಪ, ಚರಂಡಿ ಓದಿ ಓದಿ ಬೇಸತ್ತು ಮಡಚಿ ಡ್ರಾಯರಿಗೆ ಹಾಕಿದೆ. ಎರಡನೇ ಪುಟದ ತಳದಲ್ಲಿ ‘ಕೆಲವು ಹಸುಗಳ ಬಾಯಲ್ಲಿ ಹುಣ್ಣು’ ಅಂತ ಒಂದು ಸಾಲಿತ್ತು. ವಾರದ ಮೇಲೆ ಅದೇ ಊರಿನಿಂದ ಫೋನ್ ಬಂತು, ಕಾಲುಬಾಯಿ ಜ್ವರ. ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ಆ ಸಾಲನ್ನು ಹದಿನಾರನೆಯದಾಗಿ ಬರೆದವರ ಮೇಲಿನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಮೊದಲು ಬಾಗಿಲು ಸರಿಯಾಗಿ ಗುರುತಿಸಿಕೊಳ್ಳಿ. ಡೇರಿಯಲ್ಲಿ ನಿಮಗೆ ಸಿಗುವ ಖರೀದಿ ದರ ಇಳಿದರೆ ಪಶು ಆಸ್ಪತ್ರೆಯ ಮುಂದೆ ಕೂಗಿ ಏನು ಬಂತು? ಅದನ್ನು ತೀರ್ಮಾನಿಸುವುದು ಊರೂರಿನ ಸಂಘಗಳು ಸೇರಿದ ಹಾಲು ಒಕ್ಕೂಟದ ಆಡಳಿತ ಮಂಡಳಿ. ಒಕ್ಕೂಟದ ವಾರ್ಷಿಕ ಸಭೆಗೆ ನಿಮ್ಮ ಸಂಘದ ಪ್ರತಿನಿಧಿ ಹೋಗುತ್ತಾರಲ್ಲ, ಊಟ ಮುಗಿಸಿ ಬ್ಯಾಗು ಹಿಡಿದು ಬರುತ್ತಾರಲ್ಲ, ಅವರು ಎದ್ದು ನಿಂತು ಕೇಳಬೇಕಾದ ಪ್ರಶ್ನೆ ಅದು. ಲೀಟರಿಗೆ ಇಷ್ಟು ಅಂತ ಸಿಗುವ ಪ್ರೋತ್ಸಾಹಧನ ರಾಜ್ಯ ಸರ್ಕಾರದ್ದು. ಡಾಕ್ಟರು, ಲಸಿಕೆ, ಔಷಧಿ ಬೇಕಿದ್ದರೆ ತಾಲ್ಲೂಕಿನ ಪಶುಪಾಲನಾ ಸಹಾಯಕ ನಿರ್ದೇಶಕರಿಗೆ ಬರೆದು, ಜಿಲ್ಲಾ ಉಪ ನಿರ್ದೇಶಕರಿಗೆ ಪ್ರತಿ ಕಳಿಸಿ. ಸಂಘದ ಲೆಕ್ಕಪತ್ರದ ತಕರಾರು ಸಹಕಾರ ಸಂಘಗಳ ಸಹಾಯಕ ನಿಬಂಧಕರದ್ದು. ಗೋಮಾಳ ತಹಸೀಲ್ದಾರರದ್ದು. ಬಸ್ ನಿಲ್ದಾಣವನ್ನು ದಯವಿಟ್ಟು ಪಂಚಾಯ್ತಿಯವರಿಗೆ ಬಿಡಿ.

ಒಂದು ಪತ್ರಕ್ಕೆ ಒಂದೇ ಬೇಡಿಕೆ. ಗೋಮಾಳದ್ದನ್ನೇ ತೆಗೆದುಕೊಳ್ಳಿ. ‘ಒತ್ತುವರಿ ತೆರವುಗೊಳಿಸಿ ರೈತರನ್ನು ಉಳಿಸಿ’ ಅಂತ ಬರೆದರೆ ಅದು ಬ್ಯಾನರ್. ಭೂ ಕಂದಾಯ ನಿಯಮದಲ್ಲಿ ನೂರು ರಾಸಿಗೆ 30 ಎಕರೆ ಗೋಮಾಳ ಇರಬೇಕು ಅಂತಿದೆ. ಹಾಗಾದರೆ ಪತ್ರದಲ್ಲಿ ಇರಬೇಕಾದದ್ದು ನಿಮ್ಮೂರಿನ ರಾಸುಗಳ ಲೆಕ್ಕ, ಸರ್ವೆ ನಂಬರು, ಪಹಣಿಯಲ್ಲಿರುವ ವಿಸ್ತೀರ್ಣ, ಈಗ ಉಳಿದಿರುವುದು ಎಷ್ಟು ಎಂಬುದು. ಜಾನುವಾರು ಗಣತಿಗೆ ಬಂದವರ ಮುಂದೆ ‘ನಮ್ಮನೇಲಿ ಎರಡೇ’ ಅಂತ ಸುಳ್ಳು ಹೇಳಿದವರು ಈಗ ಗೋಮಾಳ ಕಮ್ಮಿ ಅಂತ ಅಳಬೇಡಿ.

ರೋಗದ ವಿಷಯವಾದರೆ ಇನ್ನೂ ನೇರವಾಗಿ ಬರೆಯಿರಿ. ಉದಾಹರಣೆಗೆ: ‘ನಮ್ಮ ಸಂಘದ ವ್ಯಾಪ್ತಿಯ ಮೂರು ಊರಿನಲ್ಲಿ ಸೋಮವಾರದಿಂದ ಒಂಬತ್ತು ಹಸುಗಳಿಗೆ ಜ್ವರ, ಜೊಲ್ಲು, ಗೊರಸಿನ ಸಂದಿಯಲ್ಲಿ ಹುಣ್ಣು. ಕಿವಿಯೋಲೆ ಸಂಖ್ಯೆಗಳನ್ನು ಲಗತ್ತಿಸಿದೆ. ನಾಳೆಯೊಳಗೆ ಬಂದು ನೋಡಬೇಕು.’ ಇಷ್ಟೇ ಸಾಕು. ಆ 12 ಅಂಕಿಯ ಓಲೆಯನ್ನು ಕಿವಿಗೆ ಚುಚ್ಚಿಸಿದ್ದು ಇಂಥದ್ದಕ್ಕೇ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ 2009ರ ಕಾಯ್ದೆ ಅಂತ ಒಂದಿದೆ. ಅದರಲ್ಲಿ ಪಟ್ಟಿ ಮಾಡಿದ ರೋಗದ ಅನುಮಾನ ಬಂದರೆ ಪಂಚಾಯ್ತಿಗೆ ಅಥವಾ ಗ್ರಾಮದ ಅಧಿಕಾರಿಗೆ ತಿಳಿಸುವುದು ದನದ ಮಾಲೀಕರ ಕರ್ತವ್ಯ. ಕಾಲುಬಾಯಿ, ಚರ್ಮಗಂಟು ಎರಡೂ ಆ ಪಟ್ಟಿಯಲ್ಲಿವೆ. 2022ರಲ್ಲಿ ಚರ್ಮಗಂಟು ರೋಗದಿಂದ ಸತ್ತ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಪರಿಹಾರ ಅಂತ ಸರ್ಕಾರ ಹೇಳಿತು. ಯಾರಿಗೂ ತಿಳಿಸದೆ ಹೊಲದಲ್ಲಿ ಹೂತು, ಹದಿನೈದು ದಿನ ಬಿಟ್ಟು ಸರ್ಟಿಫಿಕೇಟ್ ಕೇಳಿದರೆ ಡಾಕ್ಟರು ಏನನ್ನು ನೋಡಿ ಬರೆಯಬೇಕು?

ಪತ್ರದ ಜೊತೆ ಆಡಳಿತ ಮಂಡಳಿಯ ಠರಾವಿನ ನಕಲು ಇರಲಿ. ಸಾಹೇಬರ ಕೊಠಡಿಗೆ ನುಗ್ಗುವ ಮೊದಲು, ಬಂದ ಕಾಗದ ಪಡೆದು ದಾಖಲಿಸುವ ಟಪಾಲು ವಿಭಾಗಕ್ಕೆ ಹೋಗಿ. ನಿಮ್ಮ ಪ್ರತಿಯ ಮೇಲೆ ಮೊಹರು, ತಾರೀಖು, ಟಪಾಲು ನಂಬರ್ ಬೀಳುವ ತನಕ ಅಲ್ಲಿಂದ ಕದಲಬೇಡಿ. ಮುಂದಿನ ಸಲ ಹೋದಾಗ ‘ಸರ್, ನಾವು ಬಡವರು’ ಅನ್ನುವುದರ ಬದಲು ಆ ನಂಬರ್ ಹೇಳಿ, ಎಂಥವರೂ ಫೈಲ್ ಹುಡುಕುತ್ತಾರೆ. ತಿಂಗಳಾದರೂ ಅಲ್ಲಾಡದಿದ್ದರೆ 1902ಕ್ಕೆ ಫೋನ್ ಮಾಡಿ ಜನಸ್ಪಂದನದಲ್ಲಿ ದೂರು ಬರೆಸಿ, ಅದೇ ನಂಬರ್ ಕೊಟ್ಟು. ‘ವಿಧಾನಸೌಧದಲ್ಲಿ ಫೈಲ್ ಮೂವ್ ಮಾಡಿಸ್ತೀನಿ’ ಅಂತ ಬಿಳಿ ಪ್ಯಾಂಟು ಹಾಕಿಕೊಂಡು ಬರುವವರಿಗೆ ಸಂಘದ ದುಡ್ಡಿನಲ್ಲಿ ಒಂದು ಕಾಫಿಯನ್ನೂ ಕುಡಿಸಬೇಡಿ.

ಪ್ರಶ್ನೆ: ಪ್ರೋತ್ಸಾಹಧನ ಮೂರು ತಿಂಗಳಿಂದ ಬಂದಿಲ್ಲ. ಸೆಕ್ರೆಟರಿ ನುಂಗಿದ್ದಾರೆ ಅಂತ ಎಲ್ಲರೂ ಮಾತಾಡುತ್ತಿದ್ದಾರೆ.
(ಕಡೂರು)

ನುಂಗಲು ಅದು ಅವರ ಕೈಗೇ ಬರುವುದಿಲ್ಲ. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾಗಿ 2016ರಲ್ಲಿ 5 ಆದ ಹಣ ಅದು, ಸರ್ಕಾರದಿಂದ ನೇರ ನಿಮ್ಮ ಖಾತೆಗೆ. ಪಕ್ಕದ ಮನೆಯವರಿಗೂ ಬಂದಿಲ್ಲವಾದರೆ ಸರ್ಕಾರವನ್ನು ಕೇಳಿ, ನಿಮಗೊಬ್ಬರಿಗೇ ಬಂದಿಲ್ಲವಾದರೆ ಬ್ಯಾಂಕಿಗೆ ಹೋಗಿ ಆಧಾರ್ ಜೋಡಣೆ ನೋಡಿಸಿ.

ಪ್ರಶ್ನೆ: ಸಂಘದ ಲೆಕ್ಕ ಕೇಳಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ತೆಗೆದುಕೊಳ್ಳುತ್ತಿಲ್ಲ.
(ಬೇಲೂರು)

ತಪ್ಪು ಬಾಗಿಲು. ಸರ್ಕಾರದ ಒಡೆತನವಾಗಲಿ ಗಣನೀಯ ಹಣವಾಗಲಿ ಇಲ್ಲದ ಸಹಕಾರ ಸಂಘ ಆ ಕಾಯ್ದೆಗೆ ಬರುವುದಿಲ್ಲ ಅಂತ 2013ರಲ್ಲೇ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣದಲ್ಲಿ ಹೇಳಿದೆ. ನಿಬಂಧಕರು ಕಾನೂನಿನ ಪ್ರಕಾರ ಸಂಘದಿಂದ ತರಿಸಿಕೊಳ್ಳಬಹುದಾದ ಮಾಹಿತಿಯನ್ನು ಅವರ ಕಚೇರಿಯಲ್ಲೇ ಕೇಳಬಹುದು ಅಂತಲೂ ಹೇಳಿದೆ. ಅಲ್ಲಿ ಅರ್ಜಿ ಹಾಕಿ. ಅದಕ್ಕೂ ಮೊದಲು, ನೀವು ಸದಸ್ಯರಾದರೆ, ಸರ್ವಸದಸ್ಯರ ಸಭೆಯಲ್ಲಿ ಬಾಯಿ ಬಿಡಿ.

ಪ್ರಶ್ನೆ: ವಾಟ್ಸಾಪ್ ಗುಂಪಿನಲ್ಲಿ ಸಭೆಯ ನೋಟಿಸ್ ಹಾಕಿದ್ದೆವು. ಆದರೂ ಸಭೆಗೆ ಇಪ್ಪತ್ತು ಜನವೂ ಬರಲಿಲ್ಲ.
(ಕಾರ್ಯದರ್ಶಿ, ಚನ್ನರಾಯಪಟ್ಟಣ)

ನೋಟಿಸ್ ಓದಿದ್ದು ಪೀಣ್ಯದಲ್ಲಿ ಕೆಲಸ ಮಾಡುವ ಮಗ. ಹಾಲು ಹಾಕುವುದು ಊರಲ್ಲಿರುವ ಅವ್ವ. ಷೇರು ಇರುವುದು ಅಪ್ಪನ ಹೆಸರಲ್ಲಿ. ಗುಂಪಿನಲ್ಲಿ ಎರಡು ನೀಲಿ ಗೀಟು ಬಂದ ಮಾತ್ರಕ್ಕೆ ಸಭೆಯ ಸುದ್ದಿ ಆ ಅವ್ವನಿಗೆ ಮುಟ್ಟುತ್ತದೆಯೇ? ಬೆಳಿಗ್ಗೆ ಆರು ಗಂಟೆಗೆ ಡೇರಿಯ ಕಿಟಕಿಯ ಮುಂದೆ ಕ್ಯಾನ್ ಹಿಡಿದು ಸಾಲು ನಿಂತಿರುತ್ತಾರಲ್ಲ, ಆಗ ಓದಿ ಹೇಳಿ. ಒಂದು ವಾರ, ಎರಡು ಹೊತ್ತೂ. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ದಪ್ಪಗೆ ಬರೆಯಿರಿ. ಬಟವಾಡೆ ದಿನ ಚೀಟಿಯ ಜೊತೆ ನೋಟಿಸ್ ಕೊಟ್ಟು ಸಹಿ ಹಾಕಿಸಿಕೊಳ್ಳಿ, ನಾಳೆ ತಕರಾರು ಬಂದರೆ ನಿಮ್ಮನ್ನು ಕಾಯುವುದು ಆ ಸಹಿ. ಸಭೆಗೆ ಸತತವಾಗಿ ತಪ್ಪಿಸಿಕೊಂಡವರ ಮತದ ಹಕ್ಕಿಗೇ ಕುತ್ತು ಬರಬಹುದು, ಅದನ್ನೂ ಹೇಳಿ. ಇನ್ನೊಂದು: ಸಭೆಯನ್ನು ಹನ್ನೊಂದು ಗಂಟೆಗೆ ಇಟ್ಟು ಸಚಿವರಿಗಾಗಿ ಎರಡರ ತನಕ ಕಾಯಿಸಿದರೆ ಸಂಜೆ ಹಾಲು ಕರೆಯುವವರು ಯಾರು?

ಪ್ರಶ್ನೆ: ಲಸಿಕೆ ಹಾಕಿಸಿದರೆ ಹಸು ಕಂದು ಹಾಕುತ್ತದೆ, ಅಂದರೆ ಗರ್ಭಪಾತವಾಗುತ್ತದೆ ಅಂತ ಗುಂಪಿನಲ್ಲಿ ಒಂದು ಧ್ವನಿ ಸಂದೇಶ ಓಡಾಡುತ್ತಿದೆ. ನಿಜವೇ?
(ತರೀಕೆರೆ)

ಆ ಧ್ವನಿ ಯಾರದ್ದು, ಯಾವ ಊರಿನವರು, ಏನು ಓದಿದ್ದಾರೆ ಅಂತ ಗುಂಪಿನಲ್ಲೇ ಕೇಳಿ. ನಮ್ಮ ಕಡೆ ಕೇಳಿದ ಐದು ನಿಮಿಷಕ್ಕೆ ಸಂದೇಶ ಅಳಿಸಿಹೋಯಿತು. ಕಾಲುಬಾಯಿ ಲಸಿಕೆ ಆರು ತಿಂಗಳಿಗೊಮ್ಮೆ ಹಾಕಿಸಲೇಬೇಕು. ಒಂದೆರಡು ದಿನ ಮೈ ಬಿಸಿಯಾಗಿ ಹಾಲು ಇಳಿಯಬಹುದು, ಮುಚ್ಚಿಡುವುದೇಕೆ, ಅದನ್ನು ಸಂಘದವರೇ ಮುಂಚಿತವಾಗಿ ಹೇಳಿಬಿಡಿ. ತುಂಬು ಗಬ್ಬದ ಹಸುವಿದ್ದರೆ ಲಸಿಕೆಗೆ ಬಂದವರಿಗೆ ಮೊದಲೇ ತಿಳಿಸಿ. ಚರ್ಮದ ಗಂಟಿಗೆ ಸೀಮೆಎಣ್ಣೆ ಸವರಿ ಅಂತ ಹೇಳುವ ಪಂಡಿತರು ಅದೇ ಗುಂಪಿನಲ್ಲಿದ್ದರೆ ಅವರನ್ನು ಈ ಹೊತ್ತೇ ಹೊರಗೆ ಹಾಕಿ, ನೆಂಟರಾದರೂ ಸರಿ. ಹಸು ಮಲಗಿಬಿಟ್ಟರೆ ಪಶು ಆಂಬುಲೆನ್ಸಿಗೆ 1962ಕ್ಕೆ ಫೋನ್ ಮಾಡಿ.

ಪ್ರಶ್ನೆ: ಡೇರಿಯ ಮಿಷನ್ ನಮ್ಮ ಹಾಲಿಗೆ ಮಾತ್ರ ಫ್ಯಾಟು ಕಮ್ಮಿ ತೋರಿಸುತ್ತದೆ. ಯಾರಿಗೆ ಮನವಿ ಕೊಡಲಿ?
(ಹೊಳೆನರಸೀಪುರ)

ಕೊನೆಯಲ್ಲಿ ಬರುವ ಹಾಲಿನಲ್ಲೇ ಜಿಡ್ಡು ಹೆಚ್ಚು. ಅದನ್ನು ಕರುವಿಗೆ ಬಿಟ್ಟು ಮೊದಲಿನದ್ದನ್ನು ಡೇರಿಗೆ ಹಾಕುತ್ತಿದ್ದೀರೋ ನೋಡಿಕೊಳ್ಳಿ. ಆಮೇಲೆ ಮನವಿ.