2147483647 ಅವಿಭಾಜ್ಯ ಸಂಖ್ಯೆಯೆಂದು ಕೈಲೆಕ್ಕದಲ್ಲಿ ಸಾಧಿಸಿದ್ದು ಹೇಗೆ?

ಗಣಕಯಂತ್ರಗಳಿಲ್ಲದ ಕಾಲದಲ್ಲಿ 2,14,74,83,647 ಅವಿಭಾಜ್ಯವೆಂದು ಹೇಗೆ ಸಾಧಿಸಿದರು, ಅದಕ್ಕೆ ಬೇರೆ ವಿಶೇಷ ಗುಣಗಳಿವೆಯೇ ಎಂದು ಕೇಳಿದ್ದೀರಿ. ಮೊದಲನೆಯ ಪ್ರಶ್ನೆಯ ಉತ್ತರ ನನಗೆ ಬಹಳ ಪ್ರಿಯವಾದದ್ದು, ಹಾಗಾಗಿ ಅದನ್ನೇ ವಿವರವಾಗಿ ಬರೆಯುತ್ತೇನೆ.

ಈ ಸಂಖ್ಯೆ 2ರ 31ನೆಯ ಘಾತಕ್ಕಿಂತ ಒಂದು ಕಡಿಮೆ. ಇದರ ವರ್ಗಮೂಲ 46,341ಕ್ಕಿಂತ ಕಡಿಮೆಯಿರುವುದರಿಂದ, 46,340ರವರೆಗಿನ ಯಾವ ಅವಿಭಾಜ್ಯವೂ ಇದನ್ನು ಶೇಷವಿಲ್ಲದೆ ಭಾಗಿಸುವುದಿಲ್ಲವೆಂದು ತೋರಿಸಿದರೆ ಸಾಕು. ಆದರೆ ಅಂಥವು ನಾಲ್ಕೂವರೆ ಸಾವಿರಕ್ಕೂ ಹೆಚ್ಚಿವೆ. 1772ರಲ್ಲಿ ಇದರ ಸಾಧನೆಯನ್ನು ಪ್ರಕಟಿಸಿದ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ (ಆ ಹೊತ್ತಿಗೆ ಅವರಿಗೆ ಕಣ್ಣು ಬಹುಮಟ್ಟಿಗೆ ಕಾಣುತ್ತಿರಲಿಲ್ಲ) ಅಷ್ಟನ್ನೂ ಪರೀಕ್ಷಿಸಬೇಕಾಗಲಿಲ್ಲ.

ಅದಕ್ಕೆ ಕಾರಣವಿದು. ಕ್ಯೂ ಎಂಬ ಅವಿಭಾಜ್ಯವು ನಮ್ಮ ಸಂಖ್ಯೆಯನ್ನು ಭಾಗಿಸುತ್ತದೆ ಎಂದುಕೊಳ್ಳೋಣ. ಆಗ 2ರ 31ನೆಯ ಘಾತವನ್ನು ಕ್ಯೂನಿಂದ ಭಾಗಿಸಿದರೆ ಶೇಷ 1 ಉಳಿಯುತ್ತದೆ. 31 ಸ್ವತಃ ಅವಿಭಾಜ್ಯವಾದ್ದರಿಂದ ಅದಕ್ಕಿಂತ ಚಿಕ್ಕ ಯಾವ ಘಾತದಲ್ಲಿಯೂ ಶೇಷ 1 ಬರಲಾರದು. ಗಣಿತಜ್ಞ ಫರ್ಮಾನ ಕಿರು ಪ್ರಮೇಯದಂತೆ ಕ್ಯೂಗಿಂತ ಒಂದು ಕಡಿಮೆಯಾದ ಘಾತದಲ್ಲಿ 1 ಬಂದೇ ಬರುವುದರಿಂದ, ಆ ಘಾತವು 31ರ ಗುಣಕವಾಗಿರಲೇಬೇಕು. ಕ್ಯೂ ಬೆಸಸಂಖ್ಯೆಯಾದ್ದರಿಂದ ಅದನ್ನು 62ರಿಂದ ಭಾಗಿಸಿದಾಗ ಶೇಷ 1 ಎಂದಾಯಿತು. ಇಷ್ಟರಿಂದಲೇ ಕೆಲಸ ಬಹಳ ಹಗುರಾಗುತ್ತದೆ. ಇದರ ಮೇಲೆ, 2ರ 32ನೆಯ ಘಾತವು ಒಂದು ಪೂರ್ಣ ವರ್ಗ, ಅದರ ಶೇಷ 2. ಹೀಗೆ 2 ಒಂದು ವರ್ಗದ ಶೇಷವಾಗಿ ಬರಬೇಕಾದರೆ ಕ್ಯೂ ಅನ್ನು 8ರಿಂದ ಭಾಗಿಸಿದಾಗ 1 ಅಥವಾ 7 ಮಾತ್ರ ಉಳಿಯಬಹುದು. ಎರಡೂ ನಿಯಮಗಳನ್ನು ಕೂಡಿಸಿದರೆ, 248ರಿಂದ ಭಾಗಿಸಿದಾಗ 1 ಅಥವಾ 63 ಶೇಷ ಉಳಿಸುವ ಸಂಖ್ಯೆಗಳಷ್ಟೇ ಅಭ್ಯರ್ಥಿಗಳು. ಒಂದನ್ನು ಬಿಟ್ಟರೆ ಮಿತಿಯೊಳಗೆ ಅವು 373 ಮಾತ್ರ, ಅವುಗಳಲ್ಲಿಯೂ 63, 249ರಂಥ ಸಂಯುಕ್ತ ಸಂಖ್ಯೆಗಳನ್ನು ಕೈಬಿಡಬಹುದು. ಉಳಿದವುಗಳಲ್ಲಿ ಯಾವುದೂ ಭಾಗಿಸುವುದಿಲ್ಲ. ಸಾವಿರಾರು ಭಾಗಾಕಾರಗಳನ್ನು ಹೀಗೆ ತರ್ಕದಿಂದಲೇ ತೆಗೆದುಹಾಕಿದ್ದು ಈ ಸಂಖ್ಯೆಯ ಇತಿಹಾಸದಲ್ಲಿ ಅತ್ಯಂತ ಸುಂದರವಾದ ಭಾಗವೆಂದು ನನ್ನ ಅಭಿಪ್ರಾಯ. ಮುಂದೆ ಹಲವು ದಶಕಗಳ ಕಾಲ ತಿಳಿದಿದ್ದ ಅವಿಭಾಜ್ಯಗಳಲ್ಲಿ ಇದೇ ಅತಿ ದೊಡ್ಡದಾಗಿತ್ತು.

ಇನ್ನು ಬೇರೆ ಗುಣಗಳು. ಇದನ್ನು 2ರ 30ನೆಯ ಘಾತದಿಂದ ಗುಣಿಸಿದರೆ 2305843008139952128 ಎಂಬ ಎಂಟನೆಯ ಪರಿಪೂರ್ಣ ಸಂಖ್ಯೆ ದೊರೆಯುತ್ತದೆ. ತನ್ನನ್ನು ಬಿಟ್ಟು ಉಳಿದೆಲ್ಲ ಭಾಜಕಗಳ ಮೊತ್ತಕ್ಕೆ ಅದು ಸಮ.

2ರ 5ನೆಯ ಘಾತದಿಂದ ಒಂದು ಕಳೆದರೆ ಅವಿಭಾಜ್ಯವಾದ 31, 2ರ 31ನೆಯ ಘಾತದಿಂದ ಒಂದು ಕಳೆದರೆ ಮತ್ತೆ ಅವಿಭಾಜ್ಯವಾದ ನಮ್ಮ ಸಂಖ್ಯೆ. ಈ ಸರಪಳಿ ಹೀಗೆಯೇ ಮುಂದುವರಿಯುತ್ತದೆಯೇ ಎಂದು ಯಾರಿಗಾದರೂ ಅನಿಸುವುದು ಸಹಜ. ಮುಂದಿನ ಸಂಖ್ಯೆಗೆ 64 ಕೋಟಿಗೂ ಹೆಚ್ಚು ಅಂಕಿಗಳಿವೆ. ಆದರೂ ಅದು ಅವಿಭಾಜ್ಯವಲ್ಲವೆಂಬುದು ತಿಳಿದಿದೆ, ಏಕೆಂದರೆ 295257526626031 ಅದನ್ನು ಶೇಷವಿಲ್ಲದೆ ಭಾಗಿಸುತ್ತದೆ. ಈ ಭಾಜಕವೂ ಮೇಲಿನ ನಿಯಮಕ್ಕೇ ಒಳಪಟ್ಟಿದೆ: 2147483647ರ ಎರಡರಷ್ಟನ್ನು 68,745ರಿಂದ ಗುಣಿಸಿ ಒಂದನ್ನು ಕೂಡಿಸಿದರೆ ಸರಿಯಾಗಿ ಅದೇ ಬರುತ್ತದೆ.